ಸೋಣ ತಿಂಗಳ ಹಮೂರ್

ಕಳೆದ ತಿಂಗಳು ಒಂದು ಭಾನುವಾರ ಫ್ರೀಜರಿನಿಂದ ತೆಗೆದ ಬೊಂಡಾಸನ್ನು, ಅಂದರೆ ಸ್ಕ್ವಿಡ್ಡನ್ನು, ಸಿಂಕಿನಲ್ಲಿಟ್ಟು ಬಟ್ಟೆ ಒಣಹಾಕಲು ಹೋದವಳು ಅದನ್ನು ಮರೆತೇಬಿಟ್ಟಿದ್ದೆ. ವಾಪಸು ಬರುವಾಗ ಅದು ಪೂರ್ತಿ ಕರಗಿ, ನಸುಗೆಂಪು ನೀರು ಬಿಟ್ಟುಕೊಂಡು, ಅಡುಗೆಮನೆಯ ತುಂಬ ವಾಸನೆ ಹಬ್ಬಿಸಿತ್ತು. ಮೀನು ಇಳಿಸುವ ದಕ್ಕೆಯಿಂದ ನೇರ ಮನೆಗೆ ಬಂದ ಬೊಂಡಾಸಿಗೆ ಆ ವಾಸನೆ ಇರುವುದಿಲ್ಲ. ಗಟ್ಟಿಯಾಗಿ ಮತ್ತೆ ಕರಗಿದ್ದಕ್ಕೆ ಮಾತ್ರ ಇರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ತುಕ್ಕು. ನಾನು ಟವೆಲು ಹಿಡಿದು ಅಲ್ಲೇ ನಿಂತೆ. ಕತಾರಿನ ಅಲ್ ಖೋರ್‌ನ ಜೆಟ್ಟಿ, ಬೆಳಗಿನ ಹೊತ್ತು, ಗಾಳಕ್ಕೆಂದು ಕತ್ತರಿಸಿದ ಬೊಂಡಾಸ್ ತುಂಬಿದ ನೀಲಿ ಬಕೆಟ್, ಅದರ ಮೇಲೆ ಬಗ್ಗಿದ ಅಪ್ಪ... ಬಕೆಟಿನ ಆಚೆ, ಕಾಲಿಗೆ ನೀರು ತಾಗದ ಹಾಗೆ ಹಿಂದೆ ಸರಿದು ನಿಂತ ಒಂದು ಜೊತೆ ಬಿಳಿ ಶೂ.

ಆ ಶೂ ಹಾಕಿದವರು ಅಪ್ಪನ ಮ್ಯಾನೇಜರ್. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅಪ್ಪ ಸಾರ್ ಎನ್ನುತ್ತಿದ್ದರು. ಈಗಲೂ ಅವರ ಬಗ್ಗೆ ಬರೆಯುವಾಗ ಬಹುವಚನ ತಾನಾಗಿ ಬರುತ್ತದೆ. ಅದು ಅಭ್ಯಾಸ, ಗೌರವವೆಂದು ಯಾರೂ ತಿಳಿಯಬಾರದು.

ನಾವೂ ಅವರೂ ದೋಹಾದ ಮುಐದರ್‌ನಲ್ಲಿ ಒಂದೇ ವಿಲ್ಲಾದಲ್ಲಿದ್ದೆವು. ಒಂದೇ ವಿಲ್ಲಾ ಎಂದರೆ ಪ್ಲೈವುಡ್ ಗೋಡೆ ಹಾಕಿ ನಾಲ್ಕು ಸಂಸಾರಕ್ಕೆ ಹಂಚಿದ ವಿಲ್ಲಾ. ಮುಂದಿನ ಭಾಗ, ದೊಡ್ಡ ಹಜಾರ, ಕಾರು ನಿಲ್ಲಿಸುವ ಜಾಗ ಅವರದ್ದು. ಹಿಂದಿನ ಎರಡು ಕೋಣೆ ನಮ್ಮದು. ಅಪ್ಪ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಕಂಪನಿಯ ಗೋಡೌನಿನಲ್ಲಿ ಸ್ಟೋರ್‌ಕೀಪರ್. ಅಪ್ಪನಿಗೆ ವೀಸಾ ಕೊಡಿಸಿದವರು ಈ ಮ್ಯಾನೇಜರೇ. ಅಪ್ಪನೂ ಇವರೂ ಉಡುಪಿಯ ಕಡಲಬದಿಯವರು, ಇಬ್ಬರ ಮನೆಮಾತೂ ತುಳು. ಆದರೂ ಅವರು ಅಪ್ಪನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ತುಳುವಿನಲ್ಲಿ ಮಾತಾಡಿದರೆ ಕೆಳಗಿನವನು ಹತ್ತಿರ ಬಂದುಬಿಡುತ್ತಾನೆ ಎಂಬ ಹೆದರಿಕೆ ಇತ್ತೋ ಏನೋ. ಕೆಟ್ಟ ಮಾತು ಆಡಿದವರಲ್ಲ. ಹಬ್ಬಕ್ಕೆ ನನಗೆ ಚಾಕಲೇಟಿನ ಡಬ್ಬಿ ಕೊಡುತ್ತಿದ್ದರು. ಜನ ಅವರನ್ನು ಒಳ್ಳೆಯವರೆಂದೇ ಹೇಳುತ್ತಿದ್ದರು, ಬಹುಶಃ ಈಗಲೂ ಹೇಳುತ್ತಾರೆ.

ಕಂಪನಿಯ ಮಾಲೀಕರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವರ ಮನೆಯವರದ್ದೊಂದು ಫೈಬರ್ ದೋಣಿ ಅಲ್ ಖೋರ್‌ನಲ್ಲಿತ್ತು, ಅದನ್ನು ನಡೆಸಲು ಕೇರಳದ ಒಬ್ಬ ಹಿರಿಯ ಇದ್ದ. ಚಳಿಗಾಲದ ಶುಕ್ರವಾರಗಳಲ್ಲಿ, ಅಲ್ಲಿ ಅದೇ ವಾರದ ರಜೆ, ಮ್ಯಾನೇಜರ್ ಗಾಳ ಹಾಕಲು ಹೋಗುತ್ತಿದ್ದರು. ಬೊಂಡಾಸ್ ಕತ್ತರಿಸಲು, ಗಾಳದ ಮುಳ್ಳು ಬಿಡಿಸಲು, ಐಸ್ ಹೊರಲು ಅಪ್ಪ ಬೇಕು. ಅಮ್ಮನಿಗೆ ದೋಣಿ ಎಂದರೆ ವಾಂತಿ. ನಾನು ಒಬ್ಬಳೇ ಮಗಳು, ಅಪ್ಪನ ಜೊತೆ ಹೋಗುತ್ತಿದ್ದೆ. ಬೇಸಗೆಯಲ್ಲಿ ಮ್ಯಾನೇಜರ್ ಊರಿಗೆ ರಜೆಗೆ ಹೋದಾಗ ದೋಣಿಯ ಹಿರಿಯ ನಮ್ಮಿಬ್ಬರನ್ನೇ ಕರೆದುಕೊಂಡು ಹೋಗುತ್ತಿದ್ದ. ಅವನಿಗೂ ಮಾತಿಗೆ ಜನ ಬೇಕಿತ್ತು. ಹೀಗೆ ವರ್ಷದ ಎಲ್ಲ ಕಾಲದಲ್ಲೂ ಆ ಕಡಲನ್ನು ನೋಡಿದವರು ನಾವು ಮಾತ್ರ.

ಅಲ್ಲಿ ಎಲ್ಲರಿಗೂ ಬೇಕಾದದ್ದು ಹಮೂರ್. ನಮ್ಮೂರ ಮುರು ಮೀನಿನ ಜಾತಿಯದ್ದು, ಮೈಮೇಲೆ ಕಿತ್ತಳೆ ಚುಕ್ಕಿ, ಅಗಲ ಬಾಯಿ, ಸದಾ ಏನೋ ಬೇಸರವಾದಂಥ ಕೆಳತುಟಿ. ಅಂಜಲ್ ಮೀನಿನ ಹಾಗೆ ಅದು ಗುಂಪು ಕಟ್ಟಿಕೊಂಡು ದೂರದೂರ ಓಡುವ ಮೀನಲ್ಲ. ಕಲ್ಲಿನ ಸಂದಿನಲ್ಲೋ ಹವಳದ ಅಡಿಯಲ್ಲೋ ಒಂದು ಜಾಗ ಹಿಡಿದು, ನೀರಿನ ಸೆಳೆತಕ್ಕೆ ಮುಖ ಕೊಟ್ಟು, ಎದುರು ಬಂದದ್ದನ್ನು ಒಮ್ಮೆಲೇ ನುಂಗುತ್ತದೆ. ಮರಿಯಾಗಿರುವಾಗ ಉಪ್ಪುನೀರಿನ ಕಾಂಡ್ಲ ಗಿಡಗಳ ಬೇರುಗಳ ನಡುವೆ, ಕಡಲಹುಲ್ಲಿನಲ್ಲಿ ಬೆಳೆಯುತ್ತದೆ. ದೊಡ್ಡದಾದಂತೆ ಹೊರಗಿನ ಕಲ್ಲುಗಳಿಗೆ ಹೋಗುತ್ತದೆ.

ಹತ್ತನೇ ತರಗತಿಯಲ್ಲಿ ವಿಜ್ಞಾನದ ಪ್ರಾಜೆಕ್ಟಿಗೆಂದು ನಾನೊಂದು ಬಾಟಲಿ ಮಾಡಿಕೊಂಡಿದ್ದೆ. ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಬೇರೆಯೇ ಒಂದು ದಾರ. ಬಾಟಲಿ ತಳ ಮುಟ್ಟಿದ ಮೇಲೆ ದಾರ ಜಗ್ಗಿದರೆ ಬಿರಡೆ ಕಿತ್ತು ಬಂದು ಅಲ್ಲಿಯ ನೀರು ಒಳಗೆ ತುಂಬುತ್ತದೆ. ಬೇಗ ಎಳೆದು ಥರ್ಮಾಮೀಟರ್ ಅದ್ದಿದರೆ ತಳದ ನೀರಿನ ಬಿಸಿ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಪ್ರಾಜೆಕ್ಟ್ ಮುಗಿದರೂ ನಾನು ಅದನ್ನು ಬಿಡಲಿಲ್ಲ. ಅಪ್ಪ ಗಾಳ ಬಿಡುವ ಮೊದಲು ನನ್ನ ಕಡೆ ತಿರುಗಿ "ಎಂತ ಹೇಳ್ತದೆ ನಿನ್ನ ಬಾಟ್ಲಿ?" ಎಂದು ಕೇಳುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ನಿಜಕ್ಕೂ.

ಬಾಟಲಿಯೂ ಅಪ್ಪನ ಗಾಳವೂ ಸೇರಿ ನಮಗೆ ಹೇಳಿದ್ದು ಇಷ್ಟು. ನವೆಂಬರಿನಲ್ಲಿ ನೀರು ತಣಿಯತೊಡಗಿದಾಗ ಹಮೂರ್ ದಡಕ್ಕೆ ಸಮೀಪದ, ಹೆಚ್ಚು ಆಳವಿಲ್ಲದ ಕಲ್ಲುಗಳಿಗೆ ಬರುತ್ತದೆ. ಉತ್ತರದ ಗಾಳಿ ಬೀಸಿ ಮೇಲುನೀರು ತೀರಾ ಕೊರೆಯುವ ವಾರಗಳಲ್ಲಿ ಅದೇ ಕಲ್ಲಿನ ಹೊರಬದಿಗೆ, ಇಳಿಜಾರಿಗೆ ಸ್ವಲ್ಪ ಜಾರುತ್ತದೆ. ಏಪ್ರಿಲ್, ಮೇ ಸುಮಾರಿಗೆ ಮೊಟ್ಟೆಯಿಡುವ ಕಾಲ. ಒಂಟಿಯಾಗಿರುವ ಮೀನುಗಳು ಕೆಲವು ಕಡೆ ಒಟ್ಟಾಗುತ್ತವೆ. ಜೂನ್ ಕಳೆದರೆ ಮುಗಿಯಿತು. ದಡದ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಆಗುತ್ತದೆ, ದೊಡ್ಡ ಹಮೂರ್ ಆ ಕಲ್ಲುಗಳನ್ನು ಬಿಟ್ಟು ದೂರದ ಆಳಕ್ಕೆ ಇಳಿಯುತ್ತದೆ. ಆಗಸ್ಟಿನಲ್ಲಿ ಅತಿ ಖಾಲಿ. ನಮ್ಮ ಮನೆಯಲ್ಲೂ ಬೇಸಗೆಯಲ್ಲಿ ಏಸಿ ಸರಿಯಿದ್ದ ಒಂದೇ ಕೋಣೆಗೆ ಹಾಸಿಗೆ ಎಳೆದುಕೊಂಡು ಹೋಗಿ ಮಲಗುತ್ತಿದ್ದೆವು. ಅಮ್ಮ ಅದನ್ನು "ಹಮೂರ್ ಕೋಣೆ" ಎಂದು ಕರೆಯುತ್ತಿದ್ದಳು.

ಆಗ ಹೀಗೆ ನಗುತ್ತಿದ್ದೆವು...

ನಾನು ಹನ್ನೊಂದನೇ ತರಗತಿಯಲ್ಲಿದ್ದ ಫೆಬ್ರವರಿಯಲ್ಲಿ, ಒಂದು ಬುಧವಾರ ಸಂಜೆ, ಚಿಕ್ಕಪ್ಪ ಊರಿನಿಂದ ಫೋನ್ ಮಾಡಿದರು. ಅಜ್ಜಿಗೆ ಕಾಯಿಲೆ ಜೋರಾಗಿದೆ, ಅಪ್ಪನನ್ನೇ ಕೇಳುತ್ತಿದ್ದಾಳೆ, ಕೂಡಲೇ ಹೊರಟು ಬರಲಿ ಎಂದು. ಅಜ್ಜಿ ಎಂದರೆ ಅಪ್ಪನ ತಾಯಿ. ಗಂಡ ತೀರಿಕೊಂಡ ಮೇಲೆ ಮೀನಿನ ಬುಟ್ಟಿ ತಲೆಮೇಲೆ ಹೊತ್ತು ಮನೆಮನೆಗೆ ಮಾರಿ ಇಬ್ಬರು ಮಕ್ಕಳನ್ನು ಸಾಕಿದವಳು.

ಆ ಕಾಲದಲ್ಲಿ ಕತಾರ್ ಬಿಟ್ಟು ಹೊರಡಬೇಕಾದರೆ ಟಿಕೆಟ್ ಇದ್ದರೆ ಸಾಲದು. ಕೆಲಸ ಕೊಟ್ಟ ಮಾಲೀಕರು ಎಗ್ಸಿಟ್ ಪರ್ಮಿಟಿಗೆ ಸಹಿ ಹಾಕಬೇಕು. ನಮ್ಮಂಥವರ ಕಾಗದ ಮಾಲೀಕರ ಮೇಜಿಗೆ ಹೋಗುವುದೂ ಬರುವುದೂ ಮ್ಯಾನೇಜರ್ ಮೂಲಕವೇ. ಗುರುವಾರ ಬೆಳಿಗ್ಗೆ ಅಪ್ಪ ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದರು. ಸಂಜೆಯಾದರೂ ಸುದ್ದಿಯಿಲ್ಲ. ರಾತ್ರಿಯ ಮುಂಬೈ ವಿಮಾನದಲ್ಲಿ ಸೀಟಿತ್ತು. ಅಪ್ಪ ವಿಲ್ಲಾದ ಮುಂಭಾಗಕ್ಕೆ ಹೋದರು; ನಾನೂ ಹಿಂದೆಯೇ ಹೋದೆ. ಮ್ಯಾನೇಜರ್ ಪೈಪು ಹಿಡಿದು ಕಾರು ತೊಳೆಯುತ್ತಿದ್ದರು.

"ಸಾರ್, ಅಮ್ಮನಿಗೆ ಸ್ವಲ್ಪ ಜಾಸ್ತಿಯೇ ಆಗಿದೆ ಅಂತೆ. ಪರ್ಮಿಟ್ ಒಂದು ಸಿಕ್ಕಿದ್ರೆ ಇವತ್ತೇ..."

"ಮಾಡುವ ಮಾರಾಯ, ಮಾಡುವ. ಅರ್ಬಾಬ್ ಕೈಗೆ ಸಿಗ್ಬೇಕಲ್ಲ? ಶನಿವಾರ ಖಲಾಸ್, ನಿನ್ನ ಕೈಯಲ್ಲಿ ಇಡ್ತೇನೆ."

"ಶನಿವಾರದ ತನಕ ಅವರು..."

"ಪ್ರಾಯ ಆದವರಿಗೆ ಹಾಗೇ ಮಾರಾಯ, ಹೋದ್ರು ಹೋದ್ರು ಅನ್ನುವಾಗ ಎದ್ದು ಕೂತು ಕಾಫಿ ಕೇಳ್ತಾರೆ. ನನ್ನ ಅತ್ತೆ ಹಾಗೆ ಮೂರು ಸಲ ಹೋಗಿ ಬಂದವರು." ಅವರು ನಕ್ಕರು. ಪೈಪನ್ನು ಚಕ್ರದ ಕಡೆ ತಿರುಗಿಸಿ, "ನಾಳೆ ಅರ್ಬಾಬ್‌ನ ತಮ್ಮ ಬರ್ತಾರೆ, ಫ್ರೆಂಡನ್ನೂ ಕರ್ಕೊಂಡು. ಹಮೂರ್ ಸಿಗದಿದ್ರೆ ನನ್ನ ಮರ್ಯಾದೆ ಹೋಗ್ತದೆ. ಬೊಂಡಾಸ್ ಮರೀಬೇಡ" ಎಂದರು.

ಒಳಗೆ ಬಂದು ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ. "ಹೌದು, ಅವರ ಅತ್ತೆ ಯಾಕೆ ಹೋಗ್ತಾರೆ? ಇಂಥ ಅಳಿಯನನ್ನು ಬಿಟ್ಟು ಹೋಗ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ?" ಎಂದಳಷ್ಟೆ. ನಾಳೆ ಹೋಗಬೇಡಿ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಶುಕ್ರವಾರ ಅವರ ಮರ್ಯಾದೆ ಹೋದರೆ ಶನಿವಾರದ ಸಹಿ ಏನಾಗಬಹುದೆಂದು ಮೂವರಿಗೂ ಗೊತ್ತಿತ್ತು. "ನೀನೂ ಬಾ. ಬಾಟ್ಲಿ ತಗೊ. ಬೇಗ ಸಿಕ್ಕಿದ್ರೆ ಬೇಗ ಮುಗೀತದೆ" ಎಂದರು ಅಪ್ಪ.

ಗಾಳಿ ಬೀಸಿ ನಿಂತ ವಾರ ಅದು. ಶುಕ್ರವಾರ ಬೆಳಿಗ್ಗೆ ಉಮ್ಮ್ ಸಲಾಲ್ ಊರು ದಾಟುವವರೆಗೂ ಅವರ ಕಾರಿನಲ್ಲಿ ಹಳೆಯ ಹಿಂದಿ ಹಾಡು, ಹಿಂದಿನ ಸೀಟಿನಲ್ಲಿ ನಾನು ಮತ್ತು ಅಪ್ಪ, ನಡುವೆ ಬಕೆಟ್. ಅಪ್ಪ ಮೊಬೈಲನ್ನು ಕೈಯಲ್ಲೇ ಹಿಡಿದಿದ್ದರು. ದೋಣಿ ಸ್ವಲ್ಪ ದೂರ ಹೋದ ಮೇಲೆ ಅದರ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಲ್ಲವಾದವು, ಅಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಮಾಮೂಲಿ ಕಲ್ಲಿನ ಮೇಲೆ ಏನೂ ಸಿಗಲಿಲ್ಲ. ಅತಿಥಿಗಳು ಬೇಸರದಿಂದ ಸಿಗರೇಟು ಹಚ್ಚಿದರು, ಮ್ಯಾನೇಜರ್ ಅಪ್ಪನನ್ನೇ ದಿಟ್ಟಿಸಿ ನೋಡತೊಡಗಿದರು. ನಾನು ಬಾಟಲಿ ಬಿಟ್ಟೆ. ಕಲ್ಲಿನ ನೆತ್ತಿಯಲ್ಲಿ ನೀರು ಬಹಳ ತಣ್ಣಗಿತ್ತು. ಹೊರಬದಿಯ ಇಳಿಜಾರಿನಲ್ಲಿ ಅಷ್ಟಿರಲಿಲ್ಲ. ಅಪ್ಪನಿಗೆ ಕಣ್ಣಲ್ಲೇ ಹೇಳಿದೆ. ದೋಣಿ ಸರಿಸಿದರು. ಗಾಳ ಇಳಿದು ತಳ ಮುಟ್ಟುವಷ್ಟರಲ್ಲಿ ದಾರ ಬಿಗಿಯಿತು. ಹಮೂರ್ ಓಡುವುದಿಲ್ಲ, ಸಂದಿನೊಳಕ್ಕೆ ಜಗ್ಗುತ್ತದೆ. ಆ ಮೊದಲ ಜಗ್ಗಿಗೆ ಸೋತರೆ ದಾರ ಕಲ್ಲಿಗೆ ಉಜ್ಜಿ ಕಡಿಯುತ್ತದೆ. ಅಪ್ಪ ಸೋಲಲಿಲ್ಲ. ಮೇಲೆ ಬಂದದ್ದು ನಾವು ಆವರೆಗೆ ಕಂಡದ್ದರಲ್ಲೇ ದೊಡ್ಡದು. ಅತಿಥಿಗಳು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಖುಷಿಯಲ್ಲಿ ಅಪ್ಪನ ಬೆನ್ನಿಗೊಂದು ಗುದ್ದು ಕೊಟ್ಟು ಹೇಳಿದರು.

"ಇನ್ನು ಮಂಡೆಬಿಸಿ ಬೇಡ ಮಾರಾಯ. ನಿನ್ನ ಪರ್ಮಿಟ್ ನಿನ್ನೆ ಮಧ್ಯಾಹ್ನವೇ ಸೈನ್ ಆಗಿ ನನ್ನ ಡ್ರಾದಲ್ಲಿ ಉಂಟು. ನಿನ್ನೆಯೇ ಕೊಟ್ಟಿದ್ರೆ ನೀನು ಇವತ್ತು ಇಲ್ಲಿ ಇರ್ತಿದ್ಯಾ, ಹೇಳು?"

ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಅಲ್ಲ. ತಮಾಷೆ ಹಂಚಿಕೊಳ್ಳುವವರ ಹಾಗೆ. ಅಪ್ಪನೂ ನಗಲೆಂದು ಕಾಯುತ್ತಿದ್ದರು. ಅಪ್ಪನ ಕೈ ಬಕೆಟಿನಲ್ಲಿತ್ತು. ಅದು ಇನ್ನೊಂದು ತುಂಡು ಬೊಂಡಾಸ್ ತೆಗೆದು ಮುಳ್ಳಿಗೆ ಚುಚ್ಚಿತು.

ಜೆಟ್ಟಿಗೆ ಬಂದಾಗ ಮೊಬೈಲ್ ಬಡಿಯಿತು. ಅಮ್ಮ. ಮಧ್ಯಾಹ್ನ ಅಜ್ಜಿ ಹೋದಳಂತೆ. ಅತಿಥಿಗಳ ನಡುವೆ ನಿಂತು, ಹಮೂರನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ ಮ್ಯಾನೇಜರ್‌ಗೆ ಅಪ್ಪನೇ ಹೋಗಿ ಹೇಳಿದರು. ಅವರು ಛೆ ಛೆ ಎಂದರು. ಎಲ್ಲಾ ದೇವರ ಕೈಯಲ್ಲಿ ಉಂಟು ಎಂದರು. ವಿಲ್ಲಾಕ್ಕೆ ಬಂದ ಮೇಲೆ ಮೀನು ಕಡಿಸಿ, ಅದರ ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಮ್ಮ ಬಾಗಿಲಿಗೆ ತಂದುಕೊಟ್ಟರು. "ಸಾರಿಗೆ ಒಳ್ಳೇದಾಗ್ತದೆ."

ಸೂತಕದ ಮನೆಗೆ ಮೀನಿನ ತಲೆ. ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ನಾವು ಮೀನು ಮುಟ್ಟುವುದಿಲ್ಲವೆಂದು ಅದೇ ಕಡಲಬದಿಯಲ್ಲಿ ಹುಟ್ಟಿದ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ. ನೋಯಿಸಬೇಕೆಂಬ ಉದ್ದೇಶವೂ ಇರಲಿಲ್ಲ. ಉದ್ದೇಶವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಆ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ರಸ್ತೆಯ ಕಸದ ತೊಟ್ಟಿಗೆ ಹಾಕಿ ಬಂದಳು.

ಪರ್ಮಿಟ್ ಅದೇ ರಾತ್ರಿ ಸಿಕ್ಕಿತು, ಡ್ರಾ ಎಳೆದು ಕೊಡುವಷ್ಟೇ ಕೆಲಸ. ಅಪ್ಪ ಮುಂಬೈಯಿಂದ ಬಸ್ಸು ಹಿಡಿದು ಊರು ತಲುಪುವಾಗ ಎಲ್ಲ ಮುಗಿದಿತ್ತು. ಅಜ್ಜಿ ಕೊನೆಗೆ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತೇನೆಂದು ಹಟ ಮಾಡಿದ್ದಳಂತೆ. ಅದನ್ನು ಚಿಕ್ಕಪ್ಪ ಹೇಳಬಾರದಿತ್ತು. ಹೇಳಿಬಿಟ್ಟರು.

ಆಮೇಲೆ ಅಪ್ಪ ಕಡಲಿಗೆ ಹೋಗಲಿಲ್ಲ. ಬೆನ್ನುನೋವು ಎಂದರು. ಮ್ಯಾನೇಜರ್ ಎರಡು ಮೂರು ಸಲ ಕರೆದು ಸುಮ್ಮನಾದರು, ಕಲ್ಲಿನ ಜಾಗ ಹೇಗೂ ಅವರಿಗೆ ಗೊತ್ತಾಗಿತ್ತು. ಚಳಿಗಾಲದಲ್ಲಿ ದೋಣಿಯ ಹಿರಿಯನ ಜೊತೆ ಹೋಗಿ ಹಮೂರ್ ತರುತ್ತಿದ್ದರು. ಊರವರು ಸೇರಿದ ಕಡೆಯೆಲ್ಲ ತಮ್ಮ ಗಾಳದ ಕತೆ ಹೇಳುತ್ತಿದ್ದರು. ಮೀನು ಸಿಕ್ಕುವ ಜಾಗ ತಮಗೆ ವಾಸನೆಯಲ್ಲೇ ತಿಳಿಯುತ್ತದೆ ಎಂದು ಒಮ್ಮೆ ನನ್ನೆದುರೇ ಹೇಳಿದರು. ನಾನು ಶರಬತ್ತಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಅವರಿಗೂ ಒಂದು ಲೋಟ ಕೊಟ್ಟೆ.

ಕಾಲೇಜಿಗೆ ನಾನು ಊರಿಗೆ ಬಂದೆ, ಮೀನುಗಾರಿಕೆಯನ್ನೇ ಓದಿದೆ. ತರಗತಿಯಲ್ಲಿ ನೀರಿನ ಬಿಸಿ, ಆಮ್ಲಜನಕ, ಮೀನಿನ ವಾಸಸ್ಥಾನಗಳ ಪಾಠ ಬಂದಾಗ ಉಳಿದವರಿಗೆ ಅದು ಪರೀಕ್ಷೆಗೆ ಬರುವ ವಿಷಯ. ನನಗೆ ಪ್ರತಿ ಪಾಠದ ಹಿಂದೆಯೂ ಆ ದೋಣಿ. ಬಿಸಿ ನೀರು ಉಸಿರನ್ನು ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಹೊತ್ತಿಗೆ ಮೀನಿನ ಮೈ ಹೆಚ್ಚು ಉಸಿರು ಕೇಳುತ್ತದೆ, ಆದ್ದರಿಂದ ದೊಡ್ಡ ಮೀನು ಆಳಕ್ಕೆ ಹೋಗಲೇಬೇಕು. ಬಾಟಲಿ ಹೇಳಿದ್ದಕ್ಕೆ ಕಾರಣ ಸಿಕ್ಕಿತು. ಓದು ಮುಗಿಸಿ ದೋಹಾಕ್ಕೆ ವಾಪಸಾದಾಗ ಮೀನು ಆಮದು ಮಾಡುವ ಕಡೆ ಗುಣಮಟ್ಟ ನೋಡುವ ಕೆಲಸ ಸಿಕ್ಕಿತು. ಅಪ್ಪ ಇನ್ನೂ ಅದೇ ಗೋಡೌನಿನಲ್ಲಿದ್ದರು. ಮುಂಭಾಗದಲ್ಲಿ ಇನ್ನೂ ಅವರೇ ಇದ್ದರು.

ನಾನು ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದ ಮೇಲಿನ ಒಂದು ಆಗಸ್ಟ್. ಅರ್ಬಾಬ್‌ಗೆ ಆರೋಗ್ಯ ಸರಿಯಿರಲಿಲ್ಲ. ಹೊರದೇಶದಲ್ಲಿ ಓದಿದ ಮಗ ಬಂದು ಕಂಪನಿ ವಹಿಸಿಕೊಳ್ಳುತ್ತಾನೆ, ತನ್ನ ಕೈಕೆಳಗೆ ಜನರಲ್ ಮ್ಯಾನೇಜರ್ ಒಬ್ಬರನ್ನು ನೇಮಿಸುತ್ತಾನೆ ಎಂದು ಎಲ್ಲ ಕಡೆ ಮಾತು. ಆ ಹುದ್ದೆಯ ಆಸೆಗೆ ನಮ್ಮ ಮ್ಯಾನೇಜರ್ ಆ ವರ್ಷ ಊರಿನ ರಜೆ ಅರ್ಧಕ್ಕೇ ಮುಗಿಸಿ ಓಡಿಬಂದಿದ್ದರು. ಮಗನಿಗೆ ಕಡಲೆಂದರೆ ಇಷ್ಟವೆಂದು ಯಾರೋ ಹೇಳಿದ್ದರಂತೆ. ಹಮೂರ್ ಹಿಡಿದು ತೋರಿಸುತ್ತೇನೆಂದು ಇವರು ಮಾತು ಕೊಟ್ಟಾಗಿತ್ತು. ದೋಣಿಯ ಹಿರಿಯ ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ, ಹೊಸಬನಿಗೆ ಕಡಲು ಗೊತ್ತಿರಲಿಲ್ಲ.

ಆ ಸಂಜೆ ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಅಮ್ಮ ಒಳಗಿದ್ದಳು. ಅವರು ನಮ್ಮ ಬಾಗಿಲಿಗೆ ಬಂದರು. ಮೊದಲ ಬಾರಿ ನನ್ನೊಡನೆ ತುಳುವಿನಲ್ಲಿ ಶುರು ಮಾಡಿದರು, "ಬಾಲೆ, ಎಂಚ ಉಲ್ಲ?" ಎಂದು. ಮಗೂ, ಹೇಗಿದ್ದೀ ಎಂದು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅವರೂ ಕನ್ನಡಕ್ಕೆ ಬಂದರು.

"ನೀನು ಮೀನನ್ನೇ ಓದಿದವಳಲ್ವಾ? ಒಂದು ಡೌಟ್ ಕ್ಲಿಯರ್ ಮಾಡು. ಆಟಿ ಮುಗೀತು, ಸೋಣ ಶುರುವಾಯ್ತು. ಊರಲ್ಲಿ ಸಮುದ್ರಕ್ಕೆ ಹಾಲು ಎರೆದು ಪೂಜೆಯೂ ಆಯ್ತಂತೆ, ನನ್ನ ತಮ್ಮ ಹೇಳ್ತಿದ್ದ. ಇನ್ನು ಮೀನು ದಡಕ್ಕೆ ಬರುವ ಸಮಯವೇ, ಅಲ್ವಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಇಷ್ಟು ವರ್ಷ ಈ ಮರಳಿನಲ್ಲಿ ಬದುಕಿದರೂ ಅವರ ತಲೆಯಲ್ಲಿದ್ದ ಕಡಲು ಉಡುಪಿಯದ್ದೇ. ಅಲ್ಲಿ ತುಳುವರ ಆಟಿ ತಿಂಗಳ, ಎಂದರೆ ಜುಲೈ-ಆಗಸ್ಟಿನ, ಮಳೆಗೆ ಕಡಲು ಮುಚ್ಚುತ್ತದೆ, ಅದರ ಮರುತಿಂಗಳು ಸೋಣದಲ್ಲಿ ತಣ್ಣಗಿನ ನೀರು ಮೇಲೆದ್ದು ಮೀನು ದಡದ ಸಮೀಪ ಸೇರುತ್ತದೆ. ಇಲ್ಲಿ ಮಳೆಯೂ ಇಲ್ಲ, ಆಟಿಯೂ ಇಲ್ಲ. ಸೋಣವೆಂದರೆ ದಡದ ನೀರು ವರ್ಷದಲ್ಲೇ ಹೆಚ್ಚು ಕಾಯುವ ಹೊತ್ತು. ಪ್ರತಿ ವರ್ಷ ಬೇಸಗೆಗೆ ಊರಿಗೆ ಹೋಗುತ್ತಿದ್ದವರು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

"ಊರಲ್ಲಿ ಬರ್ತದೆ ಅಂಕಲ್" ಎಂದೆ. ಇಲ್ಲಿ ಬರುವುದಿಲ್ಲ ಎಂಬ ಇನ್ನೊಂದು ವಾಕ್ಯ ನಾಲಿಗೆಯ ಮೇಲೇ ಇತ್ತು. ಅದನ್ನು ಹಿಡಿದುಕೊಂಡು, "ಅಪ್ಪ ಬರ್ತಾರೆ, ಅವರನ್ನೊಮ್ಮೆ ಕೇಳಿ ನೋಡಿ" ಎಂದೆ. ಅವರು ಅಪ್ಪನ ಬಳಿ ಬಂದು ಕೇಳಿದ್ದರೆ, ಕೇಳುವಾಗ ಆ ಶುಕ್ರವಾರದ ಬಗ್ಗೆ ಅರ್ಧ ಮಾತು ಆಡಿದ್ದರೆ, ನಾನೇ ಆಳದ ಜಾಗ ತೋರಿಸುತ್ತಿದ್ದೆ. ಇದು ನಿಜ.

"ಅವನನ್ನು ಎಂತ ಕೇಳುದು? ಅವನು ಈಗ ಗೋಡೌನಿನ ಇಲಿಯ ಹಾಗೆ ಹೊರಗೇ ಬರುದಿಲ್ಲ" ಎಂದು ನಕ್ಕರು. ನಕ್ಕು, ಮುಖ ಅರಳಿಸಿ, "ಆದ್ರೆ ಒಂದು ದಿನ ಹಿಡಿದಿದ್ದ ನೋಡು ನಿನ್ನಪ್ಪ! ಅಬ್ಬಾ, ಎಂಥ ಹಮೂರ್ ಅದು! ನೀನೂ ಇದ್ಯಲ್ಲ ದೋಣಿಯಲ್ಲಿ? ನನ್ನ ಜೀವನದಲ್ಲೇ ಅಂಥ ಒಳ್ಳೆ ಶುಕ್ರವಾರ ಮತ್ತೆ ಬರ್ಲಿಲ್ಲ" ಎಂದರು.

ಅವರ ನೆನಪಿನಲ್ಲಿ ಆ ದಿನ ಹಾಗಿತ್ತು. ಮೀನು ಇತ್ತು, ಚಪ್ಪಾಳೆ ಇತ್ತು. ಅಜ್ಜಿ ಇರಲಿಲ್ಲ.

"ಅದೇ ಕಲ್ಲಿಗೆ ಹೋಗ್ಲಾ?" ಎಂದು ಕೇಳಿದರು.

"ಅದು ಒಳ್ಳೆಯ ಕಲ್ಲು, ಅಂಕಲ್" ಎಂದೆ. "ಬೊಂಡಾಸ್ ತಗೊಂಡು ಹೋಗಿ."

ಅವರು ಹೋದ ಮೇಲೆ ಅಮ್ಮ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದಳು. "ಹಮೂರ್ ಈಗ ಕೋಣೆ ಬದಲಿಸಿದೆ ಅಂತ ಹೇಳ್ಲಿಲ್ವಾ ನೀನು?" ಎಂದಳು. "ಇಲ್ಲ" ಎಂದೆ. "ಒಳ್ಳೇದಾಯ್ತು" ಎಂದು ಬಾಗಿಲು ಹಾಕಿದಳು.

ನಾನು ಆ ದೋಣಿಯಲ್ಲಿರಲಿಲ್ಲ. ಏನಾಯಿತೆಂಬುದು ಆಫೀಸಿನಿಂದ ಗೋಡೌನಿಗೆ, ಗೋಡೌನಿನಿಂದ ನಮ್ಮ ಮನೆಗೆ ಬಂತು. ಆಗಸ್ಟಿನ ಬಿಸಿಲು, ಗಾಳಿಯ ಸುಳಿವಿಲ್ಲ, ಗಾಜು ಕರಗಿಸಿ ಹೊಯ್ದಂಥ ನೀರು. ಮಧ್ಯಾಹ್ನದವರೆಗೆ ಒಂದೇ ಕಲ್ಲಿನ ಸುತ್ತ ತಿರುಗಿದರಂತೆ. ಸಿಕ್ಕಿದ್ದು ಹೊಟ್ಟೆ ಉಬ್ಬಿಸಿಕೊಂಡು ಬಂದ ತಿನ್ನಲಾಗದ ಎರಡು ಪೇತೆ ಮೀನು. ಅರ್ಬಾಬ್‌ನ ಮಗನಿಗೆ ಬಿಸಿಲು ಹೊಡೆದು ವಾಂತಿಯಾಯಿತು. ಆಗಲೂ ಇವರು ಈಗ ಬರ್ತದೆ, ಇದು ಅದರ ಸೀಸನ್ ಎನ್ನುತ್ತಲೇ ಇದ್ದರಂತೆ. ದಡಕ್ಕೆ ಬಂದು ಆ ಹುಡುಗ ಖಾಲಿ ಐಸ್ ಪೆಟ್ಟಿಗೆಯೊಳಗೆ ಇಣುಕಿ, ಎಲ್ಲರೆದುರು "ಹಮೂರ್ ಮಾಫಿ" ಎಂದನಂತೆ. ಹಮೂರ್ ಇಲ್ಲ. ಅಷ್ಟೇ. ಮರುದಿನದಿಂದ ಇಡೀ ಕಂಪನಿಯಲ್ಲಿ ಅದು ಅವರ ಹೆಸರಾಯಿತು. ಲೇಬರ್ ಕ್ಯಾಂಪಿನ ಬಸ್ಸಿನಲ್ಲಿ ಡ್ರೈವರ್‌ನಿಂದ ಹಿಡಿದು ಎಲ್ಲರೂ "ಯಲ್ಲಾ ಯಲ್ಲಾ, ಬೇಗ ಬೇಗ, ಹಮೂರ್ ಮಾಫಿ ಬಂದ್ರು" ಎಂದು ಪಿಸುಗುಟ್ಟಿ ನಗುವುದನ್ನು ಅಪ್ಪನೇ ಕೇಳಿದ್ದರು.

ಜನರಲ್ ಮ್ಯಾನೇಜರ್ ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ಮೀನಿನಿಂದಲೇ ಹೋಯಿತೆಂದು ಯಾರೂ ಹೇಳಲಾರರು, ಅದಕ್ಕೆ ನೂರು ಕಾರಣ ಇರಬಹುದು. ಮೀನಿನಿಂದಲೇ ಎಂದು ನಂಬುವುದು ನನಗೆ ಇಷ್ಟ, ನಾನು ಹಾಗೆಯೇ ನಂಬಿದ್ದೇನೆ. ಹೊಸಬರ ಸಹಿಗೆಂದು ಕಾಗದಗಳನ್ನು ಕೈಯಲ್ಲಿ ಹಿಡಿದು ನಮ್ಮ ಮ್ಯಾನೇಜರ್ ಕಾರಿಡಾರಿನಲ್ಲಿ ಕಾಯುತ್ತಿದ್ದರಂತೆ. ಆ ಚಿತ್ರವನ್ನು ನಾನು ಕಂಡಿಲ್ಲ. ಆದರೂ ಅದು ನನ್ನ ಬಳಿ ಇದೆ, ಬೇಕಾದಾಗ ತೆಗೆದು ನೋಡುತ್ತೇನೆ.

ಅಪ್ಪ ಮಾತ್ರ ಆ ವಾರ ಊಟ ಮಾಡುತ್ತಿದ್ದವರು ತಲೆಯೆತ್ತಿ ಕೇಳಿದರು. "ಅವರು ನಿನ್ನ ಹತ್ರ ಕೇಳಿದ್ರಾ?"

"ಕೇಳಿದ್ರು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಅನ್ನ ಕಲಸುತ್ತಲೇ ಇದ್ದರು. ಬೈಯುತ್ತಾರೆಂದುಕೊಂಡೆ. ಹೊಗಳಿದರೂ ಆಗುತ್ತಿತ್ತು. ಅಪ್ಪ ಎರಡೂ ಮಾಡಲಿಲ್ಲ. ಎದ್ದು ಕೈ ತೊಳೆದು, "ಪಾಪ, ಆ ಹುಡುಗನಿಗೆ ಬಿಸಿಲು ಹೊಡೀತು" ಎಂದರು.

ಆಮೇಲೆ ನಾವು ಊರಿಗೆ ಬಂದೆವು. ಕೆಲವು ವರ್ಷಗಳ ನಂತರ ಅವರೂ ಮಂಗಳೂರಿಗೆ ಬಂದು ಫ್ಲ್ಯಾಟು ಮಾಡಿದರೆಂದು ಕೇಳಿದ್ದೆ. ಬೇಕೆಂದೇ ಎಲ್ಲಿ ಎಂದು ಕೇಳಲಿಲ್ಲ. ಕಳೆದ ವಾರ ಬೆಳಿಗ್ಗೆ ಯಾರೋ ಅಪ್ಪನಿಗೆ ಫೋನ್ ಮಾಡಿ ಹೇಳಿದರು, ಅವರು ರಾತ್ರಿ ನಿದ್ದೆಯಲ್ಲೇ ತೀರಿಕೊಂಡರು ಎಂದು. ನಿದ್ದೆಯಲ್ಲೇ. ಅದೂ ಅವರಿಗೆ ಸುಲಭವಾಗಿ ಸಿಕ್ಕಿತು. ಎಷ್ಟೋ ವರ್ಷಗಳಿಂದ, ಎಂದಾದರೂ ಎದುರು ನಿಂತು, ಅವತ್ತು ನಾನು ನುಂಗಿಕೊಂಡ ಆ ವಾಕ್ಯ ಯಾವುದು, ಯಾಕೆ ನುಂಗಿದೆ ಎಂದು ಹೇಳಬೇಕೆಂದಿದ್ದೆ. ತಾವು ಸೋತದ್ದು ಯಾರಿಗೆ ಎಂದು ತಿಳಿಯದೆಯೇ ಅವರು ಹೋದರು. ನನಗೆ ಆದ ನಷ್ಟ ಅದು. ಇದನ್ನು ಓದಿದವರಿಗೆ ನಾನು ಕೆಟ್ಟವಳಾಗಿ ಕಂಡರೆ ಕಾಣಲಿ.

ಅಪ್ಪ ಅಂಗಿ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. "ಹನ್ನೊಂದಕ್ಕೆ ಬಾಡಿ ತೆಗೀತಾರಂತೆ. ಕಾರು ತೆಗಿ, ಮಗಾ. ಮುಖ ಕಾಣ್ಲಿಕ್ಕೆ ಸಿಗ್ಬೇಕು."

"ಯಾಕಪ್ಪಾ?" ಎಂದೆ.

"ತಡ ಆಗ್ತದೆ, ಹೊರಡು" ಎಂದರು.

ಹೆದ್ದಾರಿಯಲ್ಲಿ ಲಾರಿಗಳ ಸಾಲು. ಅಪ್ಪ ಸೀಟಿನ ಅಂಚಿಗೆ ಬಂದು ಕುಳಿತಿದ್ದರು, ಪ್ರತಿ ಸಿಗ್ನಲ್ಲಿನಲ್ಲೂ ಕೈಗಡಿಯಾರ ನೋಡುತ್ತಿದ್ದರು. ನಿಧಾನ ಮಾಡುವುದು ನನ್ನ ಕೈಯಲ್ಲಿತ್ತು. ಮಾಡಲಿಲ್ಲ. ಒಬ್ಬರನ್ನು ತಡೆದು ನಿಲ್ಲಿಸುವುದು ಎಂದರೇನೆಂದು ನನಗೆ ಗೊತ್ತು. ಆ ಕೆಲಸವನ್ನು ನಾನು ಅವರಿಂದ ಕಲಿಯಲಾರೆ. ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸಿದೆ, ಇಳಿಯಲಿಲ್ಲ. ಅಪ್ಪ ಒಬ್ಬರೇ ಒಳಗೆ ಹೋದರು. ಬಂದು ಕುಳಿತು ಬಾಗಿಲು ಎಳೆದುಕೊಂಡು, "ಸಿಕ್ಕಿತು" ಎಂದರು.

ತಾಯಿಯ ಮುಖಕ್ಕೆ ಹೊತ್ತಿಗೆ ಮುಟ್ಟಲಾಗದ ನನ್ನ ಅಪ್ಪ, ಅವರ ಮುಖಕ್ಕೆ ಹೊತ್ತಿಗೆ ಮುಟ್ಟಿದರು. ಕರೆದುಕೊಂಡು ಹೋದವಳು ನಾನೇ. ಇದಕ್ಕೂ ಆ ಮ್ಯಾನೇಜರನ್ನು ನಾನು ಕ್ಷಮಿಸಿಲ್ಲ.